ಹೊಗೆ ಎಲ್ಲಿಗೆ ಹೋಗುತ್ತದೆ? (ಉಪಗ್ರಹದ ಕಣ್ಣು, ನಮ್ಮ ಕಣ್ಣು)

 

ಕಳೆದ ಶಿವರಾತ್ರಿ ಆದ ಮೇಲೆ ನಮ್ಮೂರಿನ ಪಡುವಲ ಗುಡ್ಡಕ್ಕೆ ಬೆಂಕಿ ಬಿದ್ದದ್ದು ನಿಮಗೆಲ್ಲ ನೆನಪಿದೆ. ಮೂರು ದಿನ ಉರಿಯಿತು. ಅರಣ್ಯ ಇಲಾಖೆಯವರ ಜೊತೆ ನಮ್ಮೂರಿನವರೂ ಹಸಿ ಸೊಪ್ಪು ಹಿಡಿದು ಬಡಿದು ಆರಿಸಿದರು. ಎರಡನೇ ದಿನ ಬೆಳಿಗ್ಗೆ ಎದ್ದು ನೋಡಿದರೆ ಕೆರೆ, ತೋಟ, ಗುಡಿ ಎಲ್ಲದರ ಮೇಲೂ ಬೆಳ್ಳಗೆ ಏನೋ ಕವಿದಿತ್ತು. ನಮ್ಮಜ್ಜಿ ರಾತ್ರಿಯೆಲ್ಲ ಕೂತೇ ಕೆಮ್ಮಿದ್ದರು. "ಹೊಗೆ ಕಣೇ, ಎದೆ ಹಿಡ್ಕೊಂಡಿದೆ" ಅಂದರು.

ಅವತ್ತು ಸಂಜೆ ವಿಜ್ಞಾನದ ಮೇಷ್ಟ್ರು ಲ್ಯಾಪ್‌ಟಾಪ್‌ನಲ್ಲಿ ಉಪಗ್ರಹ ತೆಗೆದ ಆ ದಿನದ ಚಿತ್ರ ತೋರಿಸಿದರು. ನಮ್ಮ ಗುಡ್ಡದ ಮೇಲೆ ಬೆಂಕಿಯ ಗುರುತಿಗೆ ಎರಡು ಕೆಂಪು ಚುಕ್ಕೆ ಇದ್ದವು. ಊರಿನ ಮೇಲೆ ಹೊಗೆಯೇ ಇರಲಿಲ್ಲ. ಆಕಾಶ ಶುಭ್ರ. ನಾನು ಮನೆಗೆ ಓಡಿ ಬಂದು, "ಅಜ್ಜಿ, ಹೊಗೆ ಇಲ್ಲ. ಉಪಗ್ರಹದಲ್ಲೇ ನೋಡಿದೆ. ಬೆಳಿಗ್ಗೆ ಇದ್ದದ್ದು ಮಂಜು" ಅಂದೆ. ಅಜ್ಜಿ ಕೇಳಿದ್ದು ಒಂದೇ ಮಾತು: "ಮಂಜಿಗೆ ಸುಟ್ಟ ವಾಸನೆ ಇರ್ತದೇನೇ ಮಗಾ?"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಿಟಕಿ ಮುಚ್ಚಲಿಲ್ಲ. ಅಜ್ಜಿ ಎಂದಿನಂತೆ ಮಾರನೇ ದಿನವೂ ಬೆಳಿಗ್ಗೆ ಅಂಗಳ ಗುಡಿಸಿ ಸಾರಿಸಿದರು. ಮಧ್ಯಾಹ್ನದ ಹೊತ್ತಿಗೆ ಉಸಿರು ಸಿಗದೆ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ಈಗ ಹುಷಾರಾಗಿದ್ದಾರೆ.

ಉಪಗ್ರಹ ಸುಳ್ಳು ಹೇಳಿತೇ? ಅಜ್ಜಿ ಸುಳ್ಳು ಹೇಳಿದರೇ? ಮೇಷ್ಟ್ರನ್ನು ಕೇಳಿದೆ. "ಇಬ್ಬರೂ ಹೇಳಿದ್ದು ನಿಜವೇ. ಓದಿಕೊಂಡು ಬಾ, ಗೋಡೆ ಪತ್ರಿಕೆಗೆ ಬರಿ" ಅಂದರು. ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

1. ಮೇಲಿನಿಂದ ನೋಡುವವರು ಎರಡು ಬಗೆ

ಹೊಗೆಯನ್ನು ನೋಡುವ ಉಪಗ್ರಹಗಳಲ್ಲಿ ಮುಖ್ಯವಾಗಿ ಎರಡು ಜಾತಿ.

ಮೊದಲನೆಯದು ಭೂಸ್ಥಿರ ಉಪಗ್ರಹ. ಸಮಭಾಜಕ ವೃತ್ತದ ಮೇಲೆ ಸುಮಾರು 35,786 ಕಿ.ಮೀ. ಎತ್ತರದಲ್ಲಿ ಇರುತ್ತದೆ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಇದೂ ಒಂದು ಸುತ್ತು ಬರುತ್ತದೆ. ಹಾಗಾಗಿ ನಮಗೆ ಒಂದೇ ಕಡೆ ನಿಂತಂತೆ ಕಾಣುತ್ತದೆ. ಭಾರತದ ಇನ್ಸಾಟ್-3ಡಿಆರ್ (2016) ಮತ್ತು ಇನ್ಸಾಟ್-3ಡಿಎಸ್ (2024) ಈ ಜಾತಿಯವು. ಅಮೆರಿಕದವರ ಗೋಸ್ ಉಪಗ್ರಹಗಳೂ ಇದೇ ಜಾತಿ. ಗೋಸ್ ತನ್ನ ದೇಶದ ಚಿತ್ರವನ್ನು 5 ನಿಮಿಷಕ್ಕೊಮ್ಮೆ ತೆಗೆಯುತ್ತದೆ. ಚಿತ್ರಗಳನ್ನು ಒಂದರ ಹಿಂದೆ ಒಂದು ಓಡಿಸಿದರೆ ಸಿನಿಮಾದಂತೆ ಹೊಗೆ ಹರಿಯುವುದು ಕಾಣುತ್ತದೆ. ಆದರೆ ಬಹಳ ದೂರದಿಂದ ನೋಡುವುದರಿಂದ ಸಣ್ಣ ಸಣ್ಣ ವಿವರ ಕಾಣುವುದಿಲ್ಲ.

ಎರಡನೆಯದು ಧ್ರುವದಿಂದ ಧ್ರುವಕ್ಕೆ ಸುತ್ತುವ ಉಪಗ್ರಹ. ನೋವಾ-20, ನೋವಾ-21 ಅನ್ನುವವು ಸುಮಾರು 824 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಅವುಗಳ ಕ್ಯಾಮೆರಾ ಒಂದು ಸಲಕ್ಕೆ 3000 ಕಿ.ಮೀ. ಅಗಲದ ಪಟ್ಟಿಯನ್ನು ನೋಡುತ್ತದೆ. 375 ಮೀಟರ್ ಉದ್ದಗಲದ ಜಾಗವನ್ನು ಚಿತ್ರದಲ್ಲಿ ಒಂದು ಚುಕ್ಕೆಯಾಗಿ ತೋರಿಸುತ್ತದೆ. ಹತ್ತಿರದಿಂದ ನೋಡುವುದರಿಂದ ವಿವರ ಜಾಸ್ತಿ. ಆದರೆ ಒಂದು ಊರಿನ ಮೇಲೆ ಹಗಲು ಬರುವುದು ಮಧ್ಯಾಹ್ನ ಸುಮಾರು ಒಂದೂವರೆಯ ಹೊತ್ತಿಗೆ, ರಾತ್ರಿ ಬರುವುದು ಸುಮಾರು ಒಂದೂವರೆಗೆ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದು ಹೋಲಿಕೆ ಕೊಡುತ್ತೇನೆ. ಭೂಸ್ಥಿರ ಉಪಗ್ರಹ ಹೊಲದ ನಡುವಿನ ಅಟ್ಟಣೆ ಮೇಲೆ ಕೂತ ಕಾವಲುಗಾರನಂತೆ. ಕೂತ ಕಡೆಯಿಂದಲೇ ಹೊಲವನ್ನೆಲ್ಲ ನೋಡುತ್ತಾನೆ. ಸುತ್ತುವ ಉಪಗ್ರಹ ಪೋಸ್ಟ್‌ಮ್ಯಾನ್ ಇದ್ದ ಹಾಗೆ. ಮನೆ ಬಾಗಿಲಿಗೇ ಬರುತ್ತಾನೆ, ಆದರೆ ಬರುವ ಹೊತ್ತಿಗೆ ಮಾತ್ರ.

2. ಹೊಗೆ ಯಾವುದು, ಮೋಡ ಯಾವುದು?

ಮೇಲಿನಿಂದ ನೋಡಿದರೆ ಎರಡೂ ಬೆಳ್ಳಗೆ. ಹಾಗಾದರೆ ಗುರುತು ಹಿಡಿಯುವುದು ಹೇಗೆ?

ಮನೆಯಲ್ಲಿ ಹೀಗೆ ಮಾಡಿ ನೋಡಿ. ಅನ್ನಕ್ಕೆ ಎಸರು ಕುದಿಯುವಾಗ ಮೇಲೇಳುವ ಆವಿ ಹಾಲಿನಂತೆ ಬಿಳಿ. ಊದುಬತ್ತಿಯ ಹೊಗೆಯನ್ನು ಕತ್ತಲ ಮೂಲೆಯ ಎದುರು ನೋಡಿ, ತುಸು ನೀಲಿ ಕಾಣುತ್ತದೆ. ಕಾರಣ ಕಣದ ಗಾತ್ರ. ಮೋಡದ ಹನಿ ಸಾಮಾನ್ಯವಾಗಿ 10-20 ಮೈಕ್ರಾನ್ ಇರುತ್ತದೆ (1 ಮಿಲಿಮೀಟರ್‌ನಲ್ಲಿ 1000 ಮೈಕ್ರಾನ್). ಹೊಗೆಯ ಕಣಗಳು ಹೆಚ್ಚಿನವು 1 ಮೈಕ್ರಾನಿಗಿಂತ ಚಿಕ್ಕವು. ದೊಡ್ಡ ಹನಿ ಎಲ್ಲ ಬಣ್ಣದ ಬೆಳಕನ್ನೂ ಸಮನಾಗಿ ಚದುರಿಸುತ್ತದೆ, ಅದಕ್ಕೇ ಬಿಳಿ. ಸಣ್ಣ ಕಣ ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತದೆ. ಹೊಗೆ ದಟ್ಟವಾದರೆ ಅದರೊಳಗಿನ ಮಸಿ ಬೆಳಕನ್ನು ನುಂಗಿ ಕಂದು ಬಣ್ಣ ಕೊಡುತ್ತದೆ. ಆದ್ದರಿಂದ ಉಪಗ್ರಹ ಚಿತ್ರದಲ್ಲಿ ಹೊಗೆ ಬೂದಿ ಅಥವಾ ಕಂದು, ಅಂಚು ಕಲಸಿಹೋದ ಹಾಗೆ. ಮೋಡ ಅಚ್ಚ ಬಿಳಿ, ಅಂಚು ಸ್ಪಷ್ಟ.

ಇನ್ನೊಂದು ಉಪಾಯ ಅವಕೆಂಪು ಕಿರಣಗಳದ್ದು. ಇವುಗಳ ತರಂಗಾಂತರ ಹೊಗೆಯ ಕಣಕ್ಕಿಂತ ದೊಡ್ಡದು. ಅದರಿಂದ ಈ ಕಿರಣಗಳು ಹೊಗೆಯನ್ನು ದಾಟಿಕೊಂಡು ಬರುತ್ತವೆ, ಮೋಡ ಮಾತ್ರ ಅಡ್ಡ ಬರುತ್ತದೆ. ಒಂದೇ ಜಾಗವನ್ನು ಬಣ್ಣದ ಚಿತ್ರದಲ್ಲೂ ಅವಕೆಂಪು ಚಿತ್ರದಲ್ಲೂ ನೋಡಬೇಕು. ಮೊದಲನೆಯದರಲ್ಲಿ ಇದ್ದು ಎರಡನೆಯದರಲ್ಲಿ ಮಾಯವಾದರೆ ಅದು ಹೊಗೆ. ಎರಡರಲ್ಲೂ ಇದ್ದರೆ ಮೋಡ. ಹೊಗೆಯ ಅಡಿಯಲ್ಲಿ ಉರಿಯುವ ಬೆಂಕಿ ಕೆಂಪು ಚುಕ್ಕೆಯಾಗಿ ಗೊತ್ತಾಗುವುದೂ ಅವಕೆಂಪು ಕಿರಣದಿಂದಲೇ.

ಮೂರನೆಯದು ಅತಿನೇರಳೆ ಕಿರಣ. ಹೊಗೆ ಇದನ್ನು ಚೆನ್ನಾಗಿ ನುಂಗುತ್ತದೆ, ಮೋಡ ವಾಪಸು ಕಳಿಸುತ್ತದೆ. ಹಾಗಾಗಿ ಬಿಳಿ ಮೋಡದ ಮೇಲೆ ತೇಲುವ ಹೊಗೆಯೂ ಸಿಕ್ಕಿಬೀಳುತ್ತದೆ. ಯುರೋಪಿನವರು 2017ರ ಅಕ್ಟೋಬರ್‌ನಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹ ಈ ಕೆಲಸ ಮಾಡುತ್ತದೆ. ಬೆಂಕಿಯಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನೂ ಅಳೆಯುತ್ತದೆ. ಈ ಅನಿಲ ಗಾಳಿಯಲ್ಲಿ ವಾರಗಟ್ಟಲೆ ಉಳಿಯುವುದರಿಂದ ಹೊಗೆ ಕಣ್ಣಿಗೆ ಕಾಣದಷ್ಟು ತೆಳುವಾದ ಮೇಲೂ ಅದು ಹೋದ ದಾರಿ ತಿಳಿಯುತ್ತದೆ.

ನಮ್ಮ ತರಗತಿಯಲ್ಲಿ ಮಾಡಿದ ಪ್ರಯೋಗ: ಊದುಬತ್ತಿಯನ್ನು ಕರಿಹಲಗೆಯ ಮುಂದೆ ಹಿಡಿದೆವು. ಹೊಗೆ ಚೆನ್ನಾಗಿ ಕಂಡಿತು. ಬಿಳಿ ಹಾಳೆಯ ಮುಂದೆ ಹಿಡಿದೆವು. ಹುಡುಕಬೇಕಾಯಿತು! ಹಾಗೆಯೇ ಕಪ್ಪು ಸಮುದ್ರದ ಮೇಲಿನ ಹೊಗೆ ಚಿತ್ರದಲ್ಲಿ ಎದ್ದು ಕಾಣುತ್ತದೆ. ಬೇಸಿಗೆಯಲ್ಲಿ ಒಣಗಿ ಬಿಳಿಚಿದ ನೆಲದ ಮೇಲಿನ ತೆಳು ಹೊಗೆ ಅಷ್ಟು ಸುಲಭಕ್ಕೆ ಕಾಣುವುದಿಲ್ಲ.

3. ಒಂದು ನಿಜವಾದ ಉದಾಹರಣೆ: ಕೆನಡಾ, ಜೂನ್ 2023

2023ರಲ್ಲಿ ಕೆನಡಾ ದೇಶದಲ್ಲಿ ಸುಮಾರು 1 ಕೋಟಿ 50 ಲಕ್ಷ ಹೆಕ್ಟೇರ್ ಸುಟ್ಟುಹೋಯಿತು. ಅಂದರೆ ಇಡೀ ಕರ್ನಾಟಕದ ಮುಕ್ಕಾಲು ಭಾಗಕ್ಕೂ ಹೆಚ್ಚು! ಅಲ್ಲಿನ ಕ್ವಿಬೆಕ್ ಪ್ರಾಂತ್ಯದಲ್ಲಿ ಜೂನ್ ಮೊದಲ ದಿನಗಳಲ್ಲಿ ಸಿಡಿಲಿನಿಂದ ಒಟ್ಟೊಟ್ಟಿಗೆ ಅನೇಕ ಕಡೆ ಬೆಂಕಿ ಹತ್ತಿಕೊಂಡಿತು.

ಆಗ ಕೆನಡಾದ ಪೂರ್ವ ಕರಾವಳಿಯ ಹತ್ತಿರ ವಾಯುಭಾರ ಕುಸಿತವೊಂದು ನಿಂತಿತ್ತು. ಭೂಮಿಯ ಉತ್ತರಾರ್ಧದಲ್ಲಿ ವಾಯುಭಾರ ಕುಸಿತದ ಸುತ್ತ ಗಾಳಿ ಅಪ್ರದಕ್ಷಿಣವಾಗಿ ಸುತ್ತುತ್ತದೆ. ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತವೂ ಹಾಗೇ. ಕ್ವಿಬೆಕ್ ಈ ಸುಳಿಯ ಪಶ್ಚಿಮಕ್ಕಿತ್ತು. ಅಲ್ಲಿ ಗಾಳಿ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತಿತ್ತು. ಹೊಗೆ ನೇರ ಅಮೆರಿಕದ ನ್ಯೂಯಾರ್ಕ್ ಕಡೆಗೆ ಹೊರಟಿತು. (ಪಕ್ಕದಲ್ಲಿ ನಾನು ಬರೆದಿರುವ ನಕ್ಷೆ ನೋಡಿ. ನೀಲಿ ಸುತ್ತು ಗಾಳಿ, ಕಂದು ಗೆರೆ ಹೊಗೆ.)

ಲೆಕ್ಕ ಮಾಡೋಣ. ಬೆಂಕಿಯ ಜಾಗದಿಂದ ನ್ಯೂಯಾರ್ಕ್‌ಗೆ ಸುಮಾರು 800 ರಿಂದ 1000 ಕಿ.ಮೀ. ನಮ್ಮ ಬೆಂಗಳೂರಿಂದ ಮುಂಬೈಗೆ ಹೋದಷ್ಟು ಅನ್ನಿ. ಗಾಳಿ ಗಂಟೆಗೆ 40 ಕಿ.ಮೀ. ಬೀಸಿದರೆ 1000 ÷ 40 = 25 ಗಂಟೆ. ಒಂದು ದಿನದ ದಾರಿ ಅಷ್ಟೇ.

ಜೂನ್ 7ರಂದು ನ್ಯೂಯಾರ್ಕ್ ನಗರದಲ್ಲಿ ಹಗಲಲ್ಲೇ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ವಾಯು ಗುಣಮಟ್ಟ ಸೂಚ್ಯಂಕ 400 ದಾಟಿತು. ಅಲ್ಲಿನ ಲೆಕ್ಕದಲ್ಲಿ 300ರ ಮೇಲೆ ಹೋದರೆ ಎಲ್ಲರಿಗೂ ಅಪಾಯ. ವಿಮಾನಗಳು ತಡವಾದವು, ಬೇಸ್‌ಬಾಲ್ ಪಂದ್ಯ ಮುಂದೂಡಿದರು. ಅಂದಿನ ಉಪಗ್ರಹ ಚಿತ್ರವನ್ನು ಮೇಷ್ಟ್ರು ನಮಗೆ ತೋರಿಸಿದರು. ಕರಾವಳಿಯಾಚೆ ಬಿಳಿ ಮೋಡದ ಸುಳಿ. ಅದರ ಎಡಕ್ಕೆ ಉತ್ತರದಿಂದ ದಕ್ಷಿಣಕ್ಕೆ ಇಳಿದ ಕಂದು ಹೊಗೆ, ಬಾಲದ ತರಹ.

ಅಮೆರಿಕದ ನೋವಾ ಸಂಸ್ಥೆಯಲ್ಲಿ ಹೊಗೆಯ ನಕ್ಷೆ ಬರೆಯುವವರೇ ಇದ್ದಾರೆ. ಉಪಗ್ರಹದ ಚಿತ್ರಗಳನ್ನು ಓಡಿಸಿ ನೋಡಿ, ಹೊಗೆ ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಗೆರೆ ಎಳೆದು, ತೆಳು, ಮಧ್ಯಮ, ದಟ್ಟ ಎಂದು ಮೂರು ದರ್ಜೆ ಹಾಕುತ್ತಾರೆ. ಇಷ್ಟೆಲ್ಲ ಯಂತ್ರ ಇದ್ದೂ ಕಡೆಗೆ ಮನುಷ್ಯನೇ ಕಣ್ಣಿಟ್ಟು ನೋಡಬೇಕು! ಬೆಳಿಗ್ಗೆ, ಸಂಜೆ ಸೂರ್ಯ ಕೆಳಗಿರುವಾಗ ಹೊಗೆ ಅವರಿಗೆ ಹೆಚ್ಚು ಚೆನ್ನಾಗಿ ಕಾಣುತ್ತದೆ. ಕಿಟಕಿಯಿಂದ ಓರೆಯಾಗಿ ಬಿಸಿಲು ಬಂದಾಗ ಮನೆಯೊಳಗಿನ ದೂಳು ಕಾಣುವುದಿಲ್ಲವೇ, ಹಾಗೆ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ ಜೂನ್ ತಿಂಗಳ ಕೊನೆಯ ವಾರ ಕೆನಡಾದ ಹೊಗೆ ಅಟ್ಲಾಂಟಿಕ್ ಸಾಗರ ದಾಟಿ, 5000 ಕಿ.ಮೀ.ಗೂ ಹೆಚ್ಚು ದೂರದ ಪೋರ್ಚುಗಲ್, ಸ್ಪೇನ್ ದೇಶಗಳ ಮೇಲೆ ಬಂತು. ಉಪಗ್ರಹ ಚಿತ್ರದಲ್ಲಿ ಅಲ್ಲೂ ಹೊಗೆ ಸ್ಪಷ್ಟವಾಗಿ ಕಂಡಿತು. ಆದರೆ ಅಲ್ಲಿನ ಜನ ಕೆಮ್ಮಲಿಲ್ಲ. ಸೂರ್ಯ ಮುಳುಗುವಾಗ ಆಕಾಶ ಹೆಚ್ಚು ಕೆಂಪಾಯಿತು, ಅಷ್ಟೇ. ನೆಲದ ಮೇಲಿನ ಗಾಳಿ ಅಷ್ಟೇನೂ ಕೆಡಲಿಲ್ಲ.

ಏಕೆ ಹೀಗೆ? ಎರಡೂ ಕಡೆ ಚಿತ್ರದಲ್ಲಿ ಹೊಗೆ ಇತ್ತು. ನ್ಯೂಯಾರ್ಕ್‌ನಲ್ಲಿ ಅದು ನೆಲಮಟ್ಟಕ್ಕೇ ಇಳಿದಿತ್ತು. ಯುರೋಪಿನಲ್ಲಿ ಹೆಚ್ಚಿನ ಹೊಗೆ ತುಂಬಾ ಮೇಲೆ ತೇಲಿಕೊಂಡು ಹೋಯಿತು. ಸಾಮಾನ್ಯ ಚಿತ್ರ ಹೊಗೆ ಎಲ್ಲಿದೆ ಅಂತ ಹೇಳುತ್ತದೆ, ಎಷ್ಟು ಎತ್ತರದಲ್ಲಿದೆ ಅಂತ ಹೇಳುವುದಿಲ್ಲ. ನಾವು ಉಸಿರಾಡುವುದು ನೆಲದಿಂದ ನಾಲ್ಕೈದು ಅಡಿ ಮೇಲಿನ ಗಾಳಿ. ಈ ಪಾಠದ ಮುಖ್ಯ ವಿಷಯ ಇದೇ.

4. ಹೊಗೆಯ ಎತ್ತರ ಅಳೆಯುವುದು ಹೇಗೆ?

ಎರಡು ದಾರಿ ಹೇಳುತ್ತೇನೆ.

(ಅ) ಎರಡು ಕಣ್ಣಿನ ದಾರಿ. ನಿಮ್ಮ ಹೆಬ್ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದು ಸಲ ಬಲಗಣ್ಣು, ಒಂದು ಸಲ ಎಡಗಣ್ಣು ಮುಚ್ಚಿ. ಬೆರಳು ಆಚೀಚೆ ಜಿಗಿಯುತ್ತದೆ. ಬೆರಳು ಹತ್ತಿರ ಇದ್ದರೆ ಜಾಸ್ತಿ ಜಿಗಿತ, ದೂರ ಇದ್ದರೆ ಕಡಿಮೆ. 1999ರಲ್ಲಿ ಹಾರಿದ ಟೆರ್ರಾ ಉಪಗ್ರಹದಲ್ಲಿ 9 ಕೋನಗಳಿಂದ ನೋಡುವ 9 ಕ್ಯಾಮೆರಾ ಇಟ್ಟಿದ್ದರು. ಹೊಗೆ ಒಂದು ಚಿತ್ರದಿಂದ ಇನ್ನೊಂದಕ್ಕೆ ಎಷ್ಟು ಜಿಗಿಯಿತು ಎಂಬುದರಿಂದ ಎತ್ತರದ ಲೆಕ್ಕ ಸಿಗುತ್ತದೆ.

(ಆ) ಲೇಸರ್ ದಾರಿ. ಬಾವಿಯ ಬಾಯಲ್ಲಿ ಕೂಗಿದರೆ ದನಿ ತಿರುಗಿ ಬರುವಂತೆ, ಉಪಗ್ರಹ ಕೆಳಕ್ಕೆ ಬೆಳಕಿನ ಕಿರಣ ಬಿಟ್ಟು ಅದು ವಾಪಸು ಬರುವ ಕಾಲ ಎಣಿಸುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಹೊಗೆ ನೆಲದಿಂದ 3 ಕಿ.ಮೀ. ಮೇಲಿದ್ದರೆ, ಹೋಗುವಾಗ 3, ಬರುವಾಗ 3, ಒಟ್ಟು 6 ಕಿ.ಮೀ. ಉಳಿಯುತ್ತದೆ. ಅಂದರೆ ನೆಲಕ್ಕೆ ತಾಗಿ ಬರುವ ಕಿರಣಕ್ಕಿಂತ ಸೆಕೆಂಡಿನ 50 ಸಾವಿರದಲ್ಲಿ ಒಂದು ಪಾಲು ಬೇಗ ಬರುತ್ತದೆ. ಅಷ್ಟು ಸೂಕ್ಷ್ಮ ಕಾಲವನ್ನೂ ಅಳೆಯುತ್ತಾರೆ! ಕ್ಯಾಲಿಪ್ಸೊ ಉಪಗ್ರಹ 2006ರಿಂದ 2023ರವರೆಗೆ ಈ ಕೆಲಸ ಮಾಡಿತು. 2024ರ ಮೇ ತಿಂಗಳಲ್ಲಿ ಹಾರಿದ ಅರ್ಥ್‌ಕೇರ್ ಉಪಗ್ರಹದಲ್ಲೂ ಇಂಥ ಲೇಸರ್ ಇದೆ. ಆದರೆ ಲೇಸರ್ ಕಿರಣ ಸೂಜಿಯಿಂದ ಎಳೆದ ಗೆರೆಯ ಹಾಗೆ. ತಾನು ಹಾದುಹೋದ ಗೆರೆಯಲ್ಲಿ ಮಾತ್ರ ನೋಡುತ್ತದೆ, ಅಕ್ಕಪಕ್ಕ ಇಲ್ಲ.

ಆದ್ದರಿಂದ ವಿಜ್ಞಾನಿಗಳು ಒಂದೇ ಸಾಕ್ಷಿಯನ್ನು ನಂಬುವುದಿಲ್ಲ. ಮೇಲಿನ ಚಿತ್ರ, ಲೇಸರಿನ ಎತ್ತರ, ಗಾಳಿ ಬೀಸುವ ದಿಕ್ಕು, ನೆಲದ ಮೇಲೆ ಗಾಳಿಯ ಕಣ ಅಳೆಯುವ ಯಂತ್ರ, ನಾಲ್ಕನ್ನೂ ಕೂಡಿಸಿ ತೀರ್ಮಾನಕ್ಕೆ ಬರುತ್ತಾರೆ. ನೆಲದ ಯಂತ್ರ ಅಳೆಯುವುದು ಮುಖ್ಯವಾಗಿ 2.5 ಮೈಕ್ರಾನಿಗಿಂತ ಸಣ್ಣ ಕಣಗಳನ್ನು. ತಲೆಕೂದಲಿನ ದಪ್ಪಕ್ಕೆ ಹೋಲಿಸಿದರೆ ಇಪ್ಪತ್ತೈದು-ಮೂವತ್ತರಲ್ಲಿ ಒಂದು ಪಾಲು. ಇವು ಮೂಗಿನಲ್ಲಿ ನಿಲ್ಲದೆ ಶ್ವಾಸಕೋಶದ ಆಳಕ್ಕೆ ಹೋಗುತ್ತವೆ. ಉಬ್ಬಸದವರಿಗೆ, ಹೃದ್ರೋಗಿಗಳಿಗೆ, ವಯಸ್ಸಾದವರಿಗೆ, ಸಣ್ಣ ಮಕ್ಕಳಿಗೆ ಹೆಚ್ಚು ತೊಂದರೆ.

5. ಹಾಗಾದರೆ ನಾನು ತಪ್ಪಿದ್ದೆಲ್ಲಿ?

ಈಗ ನಮ್ಮ ಗುಡ್ಡಕ್ಕೆ ಬರೋಣ. ಬೇಸಿಗೆಯ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ನೆಲಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ ಭಾರವಾಗಿ, ನೀರಿನಂತೆ ಇಳಿಜಾರಿನಲ್ಲಿ ತಗ್ಗಿಗೆ ಹರಿಯುತ್ತದೆ. ಗುಡ್ಡದ ಹೊಗೆಯನ್ನೂ ಜೊತೆಗೆ ತರುತ್ತದೆ. ನಮ್ಮೂರು ಇರುವುದೇ ತಗ್ಗಿನಲ್ಲಿ. ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂತಿರುತ್ತದೆ, ಹೊಗೆ ಮೇಲೇಳಲಾರದು. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ಮೇಲೆದ್ದು ಮುಚ್ಚಳ ಒಡೆಯುತ್ತದೆ, ಹೊಗೆ ಚದುರುತ್ತದೆ.

ನಾನು ನೋಡಿದ ಚಿತ್ರ ಮಧ್ಯಾಹ್ನ ಒಂದೂವರೆಯದು. ಆ ಹೊತ್ತಿಗೆ ಊರಿನ ಮೇಲಿನ ಹೊಗೆ ಚದುರಿತ್ತು. ಅಜ್ಜಿ ಕೆಮ್ಮಿದ್ದು ರಾತ್ರಿ ಮತ್ತು ಬೆಳಗಿನ ಜಾವ. ರಾತ್ರಿ ಒಂದೂವರೆಗೆ ಉಪಗ್ರಹ ಮತ್ತೆ ಬಂದಿತ್ತು, ನಿಜ. ಆದರೆ ಕತ್ತಲಲ್ಲಿ ಬಣ್ಣದ ಚಿತ್ರ ಬರುವುದಿಲ್ಲ. ಅವಕೆಂಪು ಕಿರಣಕ್ಕೆ ಬೆಂಕಿ ಕಾಣುತ್ತದೆ, ಹೊಗೆ ಕಾಣುವುದಿಲ್ಲ ಅಂತ ಮೇಲೆ ಹೇಳಿದೆನಲ್ಲ. ಮೇಲಾಗಿ ನಮ್ಮದು ಸಣ್ಣ ಬೆಂಕಿ, ನೆಲ ಒಣಗಿ ಬಿಳಿಚಿತ್ತು.

ಉಪಗ್ರಹ ಹೇಳಿದ್ದು "ಒಂದೂವರೆಗೆ ನನಗೆ ಹೊಗೆ ಕಾಣಲಿಲ್ಲ" ಅಂತ. "ಹೊಗೆ ಇರಲೇ ಇಲ್ಲ" ಅಂತ ಸೇರಿಸಿದವಳು ನಾನು. ಅಜ್ಜಿಯ ಮೂಗು ನೆಲದ ಮೇಲಿನ ಸಾಕ್ಷಿ. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇದನ್ನು ಅಜ್ಜಿಗೆ ಹೇಳಿದೆ. "ಹೋಗ್ಲಿ ಬಿಡು, ಈಗ ಗೊತ್ತಾಯ್ತಲ್ಲ" ಅಂದರು.

ಹಾಗಂತ ಉಪಗ್ರಹ ಬೇಡ ಅನ್ನಬೇಡಿ. ನಮ್ಮ ಕಣ್ಣಿಗೆ ಪಡುವಲ ಗುಡ್ಡದ ಆಚೆ ಏನಿದೆ ಗೊತ್ತಾಗುವುದಿಲ್ಲ. ಡೆಹ್ರಾಡೂನಿನಲ್ಲಿರುವ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆ ಉಪಗ್ರಹದಲ್ಲಿ ಕಂಡ ಬೆಂಕಿಯ ಸುದ್ದಿಯನ್ನು ಅರಣ್ಯ ಇಲಾಖೆಯವರಿಗೆ ಮೊಬೈಲ್ ಸಂದೇಶವಾಗಿ ಕಳಿಸುತ್ತದೆ. ಯಾರೂ ಹೋಗದ ಕಾಡಿನ ಮಧ್ಯದ ಬೆಂಕಿಯೂ ಇದರಿಂದ ತಿಳಿಯುತ್ತದೆ.

6. ನಾವು ಮಾಡಬಹುದಾದದ್ದು

ಮುಂದಿನ ಶಿವರಾತ್ರಿಯಿಂದ ಮಳೆ ಬೀಳುವವರೆಗೆ ನಮ್ಮ ಶಾಲೆಯಲ್ಲಿ ಒಂದು "ಹೊಗೆ ಪುಸ್ತಕ" ಇಡೋಣ ಅಂತ ಮೇಷ್ಟ್ರು ಒಪ್ಪಿದ್ದಾರೆ. ಮಾಡುವ ಕ್ರಮ ಹೀಗೆ:

• ದಿನಾ ಬೆಳಿಗ್ಗೆ 7ಕ್ಕೆ, ಮಧ್ಯಾಹ್ನ 1.30ಕ್ಕೆ, ಸಂಜೆ 6ಕ್ಕೆ ಒಂದೇ ಜಾಗದಲ್ಲಿ, ಶಾಲೆಯ ಧ್ವಜಸ್ತಂಭದ ಕಟ್ಟೆ ಮೇಲೆ, ನಿಂತು ನೋಡುವುದು.
• ಕೆರೆ ಏರಿಯ ಆಲದ ಮರ, ಗುಡಿಯ ಗೋಪುರ, ಪಡುವಲ ಗುಡ್ಡದ ನೆತ್ತಿ: ಈ ಮೂರರಲ್ಲಿ ಯಾವುದು ಕಾಣುತ್ತದೆ, ಯಾವುದು ಕಾಣುವುದಿಲ್ಲ ಎಂದು ಬರೆಯುವುದು.
• ಸುಟ್ಟ ವಾಸನೆ ಇದೆಯೋ ಇಲ್ಲವೋ, ಗಾಳಿ ಯಾವ ಕಡೆಯಿಂದ, ಬರೆಯುವುದು.
• ಮೇಷ್ಟ್ರು ತೋರಿಸುವ ಅವತ್ತಿನ ಉಪಗ್ರಹ ಚಿತ್ರದಲ್ಲಿ ಏನಿದೆ ಎಂದು ಪಕ್ಕದಲ್ಲೇ ಬರೆಯುವುದು.

ಎರಡೂ ಹೊಂದದ ದಿನಗಳೇ ನಮಗೆ ಮುಖ್ಯ. ಬೆಳಿಗ್ಗೆ ವಾಸನೆ ಬಂದರೆ, ಗುಡ್ಡದ ನೆತ್ತಿ ಕಾಣದಿದ್ದರೆ, ಮನೆಯಲ್ಲಿ ಅಜ್ಜಿ-ತಾತ, ಉಬ್ಬಸದವರು, ಎಳೆಗೂಸು ಇದ್ದರೆ ಬಿಸಿಲೇರುವವರೆಗೆ ಒಳಗೇ ಇರಲು ಹೇಳಿ. ಕಿಟಕಿ ಬಾಗಿಲು ಮುಚ್ಚಿ. ಅವತ್ತು ಕಸಕ್ಕೆ, ತರಗೆಲೆಗೆ ಬೆಂಕಿ ಹಾಕಬೇಡಿ.

ಬೆಳಿಗ್ಗೆ 7ರ ಪಾಳಿಗೆ ಇನ್ನೂ ಇಬ್ಬರು ಬೇಕು. ಕೆರೆ ಬೀದಿಯವರು ಸೇರಿದರೆ ಒಳ್ಳೆಯದು. ಹೆಸರನ್ನು ಈ ಹಾಳೆಯ ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಬರೆಯಿರಿ.

ಯೋಚಿಸಿ ಉತ್ತರಿಸಿ:
1. ಹೊಗೆ ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋದರೆ 5000 ಕಿ.ಮೀ. ದಾಟಲು ಎಷ್ಟು ದಿನ ಬೇಕು?
2. ಸಮುದ್ರದ ಮೇಲಿನ ಹೊಗೆ ಚಿತ್ರದಲ್ಲಿ ಚೆನ್ನಾಗಿ ಕಾಣುವುದೇಕೆ?
3. ಚಿತ್ರದಲ್ಲಿ ನಮ್ಮೂರಿನ ಮೇಲೆ ದಟ್ಟ ಹೊಗೆ ಇದೆ, ಆದರೆ ಯಾರಿಗೂ ವಾಸನೆ ಇಲ್ಲ. ಏನಾಗಿರಬಹುದು?

ಉತ್ತರಗಳು ಮುಂದಿನ ಸಂಚಿಕೆಯಲ್ಲಿ. ಬರೆದದ್ದರಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕು, ಗೆಳೆಯ ಗೆಳತಿಯರು ಕೇಳಬೇಕು.

ಇಂತಿ ನಿಮ್ಮ ಸಹಪಾಠಿ,
9ನೇ ತರಗತಿ, ವಿಜ್ಞಾನ ಸಂಘ